ಹೊಳೆ ದಾಟಿದ ಚೆಂಡು

೨೦೧೬ನೆಯ ಇಸವಿಯ ಅಕ್ಟೋಬರ್ ೨೨ರ ರಾತ್ರಿ. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ಹತ್ತಿಯ ಹೊಲಗಳ ನಡುವೆ ಇರುವ ಲಬಕ್ ಎಂಬ ಊರು. ಅಲ್ಲಿನ ಟೆಕ್ಸಾಸ್ ಟೆಕ್ ವಿಶ್ವವಿದ್ಯಾನಿಲಯದ ಮೈದಾನದಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಎಂಬ ಇಪ್ಪತ್ತೊಂದು ವರ್ಷದ ತರುಣನು ಚೆಂಡನ್ನು ಎಂಬತ್ತೆಂಟು ಸಲ ಎಸೆದನು. ಅವುಗಳಲ್ಲಿ ಐವತ್ತೆರಡು ಎಸೆತಗಳು ಅವನ ಕಡೆಯವರ ಕೈ ಸೇರಿದವು. ಹೀಗೆ ಗಾಳಿಯ ದಾರಿಯಲ್ಲಿ ಗೆದ್ದುಕೊಂಡ ನೆಲ ೭೩೪ ಗಜ. ಮೈದಾನದ ಉದ್ದ ನೂರು ಗಜವೆಂದರೆ, ಒಂದೇ ರಾತ್ರಿಯಲ್ಲಿ ಅವನ ತೋಳು ಏಳು ಮೈದಾನಗಳನ್ನು ಅಳೆದಂತಾಯಿತು. ಇಷ್ಟಾದರೂ ಪಂದ್ಯವನ್ನು ಗೆದ್ದವರು ಎದುರಾಳಿಗಳಾದ ಓಕ್ಲಹೋಮದವರು, ೬೬ಕ್ಕೆ ೫೯. ಆ ವರ್ಷ ಟೆಕ್ಸಾಸ್ ಟೆಕ್ ತಂಡವು ಹನ್ನೆರಡು ಪಂದ್ಯಗಳಲ್ಲಿ ಗೆದ್ದುದು ಐದನ್ನು ಮಾತ್ರ.

ಅಂತಹ ತೋಳನ್ನು ಕಂಡು ಬೆರಗಾದವರು ಎಷ್ಟು ಮಂದಿಯೋ, ತಲೆಯಾಡಿಸಿದವರೂ ಅಷ್ಟೇ ಮಂದಿ. ಇದು ಕಾಲೇಜಿನ ಆಟ, ಸಂಬಳಕ್ಕಾಗಿ ಆಡುವ ಗಂಡಸರ ನಡುವೆ ಇದು ನಡೆಯುವುದಿಲ್ಲ ಎಂಬುದು ಅವರ ವಾದ. ಈ ವಾದಕ್ಕೆ ಆಗಲೇ ಕಾಲು ಶತಮಾನದ ವಯಸ್ಸಾಗಿತ್ತು. ಕಲಿತ ಮನೆಯಲ್ಲಿ ಚಿನ್ನವೆನಿಸಿದ ವಿದ್ಯೆಯನ್ನು ಪೇಟೆಯವರು ಒರೆಗಲ್ಲಿಗೆ ಹಚ್ಚಿ ನೋಡುವುದು ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ಪದವಿಯ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮೊದಲ ಉದ್ಯೋಗಕ್ಕೆ ಹೊರಟ ಮಗನನ್ನು ಬಾಗಿಲಲ್ಲಿ ನಿಂತು ಕಳುಹಿಸಿಕೊಟ್ಟ ತಾಯಿತಂದೆಗಳಿಗೆ ಆ ಅಳುಕು ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿ ಈ ಅಳುಕು ಒಂದು ದೊಡ್ಡ ಚರ್ಚೆಯೇ ಆಗಿ ಬೆಳೆಯಿತು. ಚೆಂಡನ್ನು ಹೆಚ್ಚಾಗಿ ಎಸೆದೇ ಗೆಲ್ಲುವ ಕಾಲೇಜಿನ ಕ್ರಮವು ವೃತ್ತಿಯ ಆಟದಲ್ಲಿ ನಿಲ್ಲಬಲ್ಲುದೇ?

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಚೆಂಡು ಗುಂಡಗಿರದೆ ಎರಡು ತುದಿಗಳಲ್ಲಿ ಮೊನಚಾಗಿರುವುದು. ಒಂದೊಂದು ಕಡೆಯಲ್ಲಿ ಹನ್ನೊಂದು ಜನ. ಚೆಂಡು ಯಾರ ಬಳಿ ಇರುವುದೋ ಅವರು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯಬೇಕು; ಮುಂದುವರಿದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗಳಿಗೆ. ಮುಂದುವರಿಯಲು ದಾರಿಗಳು ಎರಡು. ಚೆಂಡನ್ನು ಎದೆಗವಚಿಕೊಂಡು ಎದುರಿಗಿರುವ ಜನರ ಗೋಡೆಯನ್ನು ಸೀಳಿಕೊಂಡು ಓಡುವುದೊಂದು. ಮುಂದೆ ಓಡಿಹೋದ ಜೊತೆಗಾರನಿಗೆ ಎಸೆಯುವುದು ಇನ್ನೊಂದು. ಎಸೆಯುವ ಹೊಣೆ ಕ್ವಾರ್ಟರ್‌ಬ್ಯಾಕ್ ಎಂಬ ನಾಯಕನದು.

ಮೊದಲಿಗೆ ಮುಂದಕ್ಕೆ ಎಸೆಯುವುದಕ್ಕೆ ಅಪ್ಪಣೆಯೇ ಇರಲಿಲ್ಲ. ಆಗಿನದು ಬರಿಯ ನೂಕಾಟ, ತಳ್ಳಾಟ. ೧೯೦೫ರಲ್ಲಿ ಹಲವು ತರುಣರು ಮೈದಾನದ ಪೆಟ್ಟುಗಳಿಂದ ಪ್ರಾಣ ಕಳೆದುಕೊಂಡಾಗ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ಕಾಲೇಜುಗಳ ಪ್ರಮುಖರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸಬೇಕೆಂದು ಒತ್ತಾಯಪಡಿಸಿದರು. ಮರುವರ್ಷ, ೧೯೦೬ರಲ್ಲಿ, ಮುಂದಕ್ಕೆ ಎಸೆಯುವುದು ನಿಯಮಬದ್ಧವಾಯಿತು. ಹುಡುಗರ ಜೀವ ಉಳಿಯಲೆಂದು ತೆರೆದ ಕಿಟಕಿ ಅದು. ಆದರೂ ಬಹುಕಾಲ ಹಿರಿಯ ತಂಡಗಳು ಆ ಕಿಟಕಿಯನ್ನು ಅಗತ್ಯಕ್ಕಷ್ಟೇ ತೆರೆಯುತ್ತಿದ್ದವು. ಎಸೆದ ಚೆಂಡು ನೆಲಕ್ಕೆ ಬೀಳಬಹುದು. ಹಗೆಯ ಕೈಗೂ ಬೀಳಬಹುದು. ಕೈಯಲ್ಲಿ ಅವಚಿಕೊಂಡದ್ದು ಭದ್ರವೆಂಬ ಗೃಹಸ್ಥನ ಎಚ್ಚರ ಅವರದು.

ಭದ್ರತೆಯನ್ನು ನೆಚ್ಚಿ ಕೂರಲು ಬಲವುಳ್ಳವರಿಗೆ ಸಾಧ್ಯ. ಬಡವನಿಗೆ ಸಾಹಸವೇ ಬಂಡವಾಳ. ಎಸೆತದ ಈ ಕ್ರಮವು ಹುಟ್ಟಿ ಬೆಳೆದುದೆಲ್ಲ ಬಡ ತಂಡಗಳ ಅಂಗಳದಲ್ಲಿಯೇ. ೧೯೫೮ರಲ್ಲಿ ಒಹಾಯೋ ಸಂಸ್ಥಾನದ ಮಿಡಲ್‌ಟೌನ್ ಎಂಬ ಊರಿನ ಪ್ರೌಢಶಾಲೆಯ ತಂಡವು ಮೊದಮೊದಲ ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ ಕೈಸೋತಿದ್ದಾಗ, ಅದರ ತರಬೇತುದಾರರಾದ ಗ್ಲೆನ್ ಎಲಿಸನ್ನರು ಆಟಗಾರರನ್ನು ಮೈದಾನದ ಉದ್ದಗಲಕ್ಕೆ ಚೆದರಿ ನಿಲ್ಲಿಸಿ, ಓಡುತ್ತ ಎಸೆಯುವ ಹೊಸ ಬಗೆಯೊಂದನ್ನು ಹೂಡಿದರು. ಉಳಿದ ಪಂದ್ಯಗಳು ಅವರವಾದವು. ೧೯೬೫ರಲ್ಲಿ ಅವರು ಈ ಕ್ರಮವನ್ನು ಕುರಿತು ಪುಸ್ತಕ ಬರೆದರು. ‘ರನ್ ಅಂಡ್ ಶೂಟ್’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಒಡಂಬಡಿಕೆ ಸರಳ. ಎದುರಾಳಿಯ ಹುಡುಗರು ನಮ್ಮವರಿಗಿಂತ ದಪ್ಪವಾಗಿದ್ದರೆ ಅವರೊಡನೆ ಗುದ್ದಾಡುವುದೇಕೆ? ಅವರನ್ನು ಅಗಲಕ್ಕೆ ಎಳೆದು, ನಡುವೆ ಬಿರುಕು ಕಂಡಲ್ಲಿ ಚೆಂಡನ್ನು ಇಳಿಸಿದರಾಯಿತು.

ಈ ವಿದ್ಯೆ ಮೊದಲ ಸಲ ಭಾರಿಯಾಗಿ ಫಲಿಸಿದ್ದು ಹ್ಯೂಸ್ಟನ್ ವಿಶ್ವವಿದ್ಯಾನಿಲಯದಲ್ಲಿ. ೧೯೮೯ರಲ್ಲಿ ಅಲ್ಲಿಯ ಆಂಡ್ರೆ ವೇರ್ ಎಂಬ ಕ್ವಾರ್ಟರ್‌ಬ್ಯಾಕಿಗೆ ಕಾಲೇಜು ಆಟಗಾರನಿಗೆ ಸಲ್ಲುವ ಅತ್ಯುನ್ನತ ಪಾರಿತೋಷಕವಾದ ಹೈಸ್‌ಮನ್ ದೊರೆಯಿತು. ಅವನ ಸ್ಥಾನಕ್ಕೆ ಬಂದ ಡೇವಿಡ್ ಕ್ಲಿಂಗ್ಲರ್ ೧೯೯೦ರಲ್ಲಿ ಒಂದೇ ಪಂದ್ಯದಲ್ಲಿ ಹನ್ನೊಂದು ಟಚ್‌ಡೌನುಗಳಿಗೆ, ಎಂದರೆ ಗಡಿ ಮುಟ್ಟಿ ಅಂಕ ಗಳಿಸುವ ಎಸೆತಗಳಿಗೆ, ಕಾರಣನಾದನು. ವೃತ್ತಿ ತಂಡಗಳು ಇಬ್ಬರನ್ನೂ ಆದರದಿಂದ ಬರಮಾಡಿಕೊಂಡವು. ವೃತ್ತಿಯ ಆಟಕ್ಕೆ ತರುಣರನ್ನು ಆರಿಸುವ ಪದ್ಧತಿಯೇ ಒಂದು ಸ್ವಯಂವರದಂತೆ. ತಂಡಗಳು ಸರದಿಯಿಂದ ಒಬ್ಬೊಬ್ಬರ ಹೆಸರನ್ನು ಕೂಗುವುವು. ೧೯೯೦ರಲ್ಲಿ ವೇರ್‌ನ ಹೆಸರು ಏಳನೆಯದಾಗಿಯೂ ೧೯೯೨ರಲ್ಲಿ ಕ್ಲಿಂಗ್ಲರ್‌ನ ಹೆಸರು ಆರನೆಯದಾಗಿಯೂ ಬಂದವು. ಆದರೆ ಅವರಲ್ಲಿ ಯಾರೂ ಆ ದಡದಲ್ಲಿ ನೆಲೆ ನಿಲ್ಲಲಿಲ್ಲ. ಕ್ಲಿಂಗ್ಲರ್ ಮುಂದೆ ಚೆಂಡನ್ನು ಬಿಟ್ಟು ಕ್ರೈಸ್ತ ಧರ್ಮಗ್ರಂಥಗಳ ಅಧ್ಯಾಪಕನಾದನು.

ಅದೇ ನಗರದ ವೃತ್ತಿ ತಂಡವಾದ ಹ್ಯೂಸ್ಟನ್ ಆಯಿಲರ್ಸ್ ಕೂಡ ಈ ಕ್ರಮವನ್ನೇ ಹಿಡಿದಿತ್ತು. ವಾರೆನ್ ಮೂನ್ ಎಂಬ ನುರಿತ ಕ್ವಾರ್ಟರ್‌ಬ್ಯಾಕ್ ಇದ್ದುದರಿಂದ ವರ್ಷವರ್ಷವೂ ಅವರು ಗೆಲ್ಲುತ್ತಲೂ ಇದ್ದರು. ಆದರೆ ಜನರ ನೆನಪಿನಲ್ಲಿ ಉಳಿದುದು ೧೯೯೩ರ ಜನವರಿ ೩ರ ಒಂದು ಮಧ್ಯಾಹ್ನ. ಬಫಲೋ ನಗರದ ತಂಡದ ಎದುರಿಗೆ ೩೫ಕ್ಕೆ ೩ರಂತೆ ಮುಂದಿದ್ದ ಅವರು ಕೊನೆಗೆ ೩೮ಕ್ಕೆ ೪೧ರಂತೆ ಸೋತರು. ಮುಂದಿರುವ ತಂಡವು ಚೆಂಡನ್ನು ಅವಚಿಕೊಂಡು ಮೆಲ್ಲಮೆಲ್ಲನೆ ಓಡಿ ಗಡಿಯಾರವನ್ನು ಸವೆಸಬೇಕು. ಆಯಿಲರ್ಸ್ ಕಲಿತ ಮಂತ್ರದಲ್ಲಿ ಅದಕ್ಕೆ ಹೆಚ್ಚಿನ ಸ್ಥಳವಿರಲಿಲ್ಲ. ಆ ಸೋಲಿಗೆ ರಕ್ಷಣೆಯವರ ಮೈಮರೆವೂ ಕಾರಣ, ಬಫಲೋದವರ ಛಲವೂ ಕಾರಣ. ಆದರೂ ಜನ ಎಲ್ಲವನ್ನೂ ಎಸೆತದ ಕ್ರಮದ ತಲೆಗೇ ಕಟ್ಟಿದರು. ಕೆಲವೇ ವರ್ಷಗಳಲ್ಲಿ ವೃತ್ತಿಯ ಆಟದಿಂದ ಆ ಕ್ರಮವು ಕಣ್ಮರೆಯಾಯಿತು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಸಂದರ್ಭದಲ್ಲಿ ಮಾತ್ರ ನೆಲವೇ ಬೇರೆಯೆಂಬುದು ಸುಳ್ಳಲ್ಲ. ಎರಡೂ ಮೈದಾನಗಳ ಅಗಲ ೧೬೦ ಅಡಿಯೇ. ಆದರೆ ಪ್ರತಿ ಯತ್ನಕ್ಕೂ ಮುನ್ನ ಚೆಂಡನ್ನು ಇಡುವ ಗುರುತಿನ ಎರಡು ಸಾಲುಗಳು ಕಾಲೇಜಿನಲ್ಲಿ ೪೦ ಅಡಿ ಅಂತರದಲ್ಲಿರುವುವು. ವೃತ್ತಿಯ ಮೈದಾನದಲ್ಲಿ ಕೇವಲ ಹದಿನೆಂಟೂವರೆ ಅಡಿ. ಆದುದರಿಂದ ಕಾಲೇಜಿನಲ್ಲಿ ಚೆಂಡು ಒಂದು ಪಕ್ಕದ ಗುರುತಿನಲ್ಲಿದ್ದರೆ ಇನ್ನೊಂದು ಪಕ್ಕದಲ್ಲಿ ನೂರಡಿ ಬಯಲು ತೆರೆದಿರುತ್ತದೆ. ಅಷ್ಟು ಬಯಲನ್ನು ಕಾಯುವುದು ಯಾವ ರಕ್ಷಕನಿಗೂ ಕಷ್ಟ. ವೃತ್ತಿಯ ಮೈದಾನದಲ್ಲಿ ಚೆಂಡು ಯಾವಾಗಲೂ ನಡುವಿಗೆ ಹತ್ತಿರ. ಎರಡು ಪಕ್ಕಗಳೂ ಹೆಚ್ಚುಕಡಮೆ ಸಮ. ಎಸೆತಗಾರನಿಗೆ ದೊರೆಯುತ್ತಿದ್ದ ಬಿಟ್ಟಿ ಬಯಲು ಅಲ್ಲಿ ಮಾಯವಾಗುತ್ತದೆ.

ಕಾನೂನೂ ಬಿಗಿ. ಎಸೆತವು ಕೈಬಿಡುವ ಮುನ್ನ ಮುಂಚೂಣಿಯ ದಪ್ಪ ಆಳುಗಳು ಕಾಲೇಜಿನಲ್ಲಿ ಮೂರು ಗಜದವರೆಗೆ ಮುನ್ನುಗ್ಗಬಹುದು; ವೃತ್ತಿಯ ಆಟದಲ್ಲಿ ಒಂದೇ ಗಜ. ಓಟವೋ ಎಸೆತವೋ ಎಂದು ಎದುರಾಳಿಗೆ ಭ್ರಮೆ ಹುಟ್ಟಿಸುವ ಉಪಾಯಗಳಿಗೆ ಆ ಎರಡು ಗಜಗಳೇ ಜೀವಾಳ. ಅಂಚಿನಲ್ಲಿ ಚೆಂಡು ಹಿಡಿದವನ ಒಂದು ಕಾಲು ಗೆರೆಯೊಳಗಿದ್ದರೆ ಕಾಲೇಜಿನಲ್ಲಿ ಸಾಕು. ವೃತ್ತಿಯಲ್ಲಿ ಎರಡೂ ಕಾಲು ಊರಬೇಕು. ಇವೆಲ್ಲಕ್ಕಿಂತ ಮಿಗಿಲಾದುದು ಜನರ ವ್ಯತ್ಯಾಸ. ಕಾಲೇಜಿನಲ್ಲಿ ಎದುರಿಗೆ ನಿಂತ ಹನ್ನೊಂದು ಹುಡುಗರಲ್ಲಿ ಒಬ್ಬಿಬ್ಬರಾದರೂ ಮುಂದೆ ಅಂಗಡಿಯನ್ನೋ ವಕೀಲಿಯನ್ನೋ ಹಿಡಿಯುವವರು. ಎಸೆತಗಾರನು ಅವರನ್ನು ಹುಡುಕಿದರೆ ಸಾಕು. ಇಡೀ ದೇಶದಿಂದ ಜಾಲಾಡಿ ಆರಿಸಿದ ಮೂವತ್ತೆರಡು ವೃತ್ತಿ ತಂಡಗಳಲ್ಲಿ ಅಂತಹ ದುರ್ಬಲ ಕಂಬವೇ ಸಿಕ್ಕುವುದಿಲ್ಲ. ಕಾಲೇಜಿನಲ್ಲಿ ತೆರಪೆನಿಸುವುದು ಅಲ್ಲಿ ಕಣ್ಣೆವೆಯಿಕ್ಕುವುದರೊಳಗೆ ಮುಚ್ಚಿಹೋಗುವ ಸಂದು.

ಇಷ್ಟು ತಿಳಿದೂ ಎಸೆತದ ಮೇಲಣ ಮೋಹ ಬಿಡದ ಇಬ್ಬರು ಇದ್ದರು. ೧೯೮೯ರಲ್ಲಿ ಅಯೋವ ಸಂಸ್ಥಾನದ ಒಂದು ಸಣ್ಣ ಕಾಲೇಜಿನಲ್ಲಿ ಹ್ಯಾಲ್ ಮಮ್ಮಿ ಎಂಬ ತರಬೇತುದಾರರೂ ಅವರ ಸಹಾಯಕ ಮೈಕ್ ಲೀಚ್ ಅವರೂ ಜೊತೆಗೂಡಿದರು. ಲೀಚ್ ಅವರು ಕಾನೂನು ಪದವೀಧರರು; ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಎಂದೂ ಆಡಿದವರಲ್ಲ. ಯೂಟಾ ಸಂಸ್ಥಾನದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಅಲ್ಲಿಯ ಲಾವೆಲ್ ಎಡ್ವರ್ಡ್ಸ್ ಎಂಬ ಹಿರಿಯ ತರಬೇತುದಾರರ ತಂಡವು ಎಸೆತದಿಂದಲೇ ಗೆಲ್ಲುವುದನ್ನು ನೋಡಿ ಮನಸ್ಸು ಸೋತವರು. ಮಮ್ಮಿಯವರೂ ಆ ತಂಡದ ಆಟವನ್ನೇ ಅಭ್ಯಸಿಸಿದ್ದರು. ಇಬ್ಬರೂ ಆ ವಿದ್ಯೆಯನ್ನು ಸೋಸಿ ಸೋಸಿ, ಕೆಲವೇ ಉಪಾಯಗಳನ್ನು ಉಳಿಸಿಕೊಂಡು, ಅವನ್ನೇ ದಿನದಿನವೂ ತಿದ್ದಿಸಿದರು. ನೂರು ರಾಗಗಳನ್ನು ಅರೆಬರೆ ಹಾಡುವುದಕ್ಕಿಂತ ಹತ್ತು ರಾಗಗಳಲ್ಲಿ ಪಳಗುವುದು ಮೇಲೆಂಬ ನೀತಿ. ಅದಕ್ಕೆ ‘ಏರ್ ರೇಡ್’, ಎಂದರೆ ವಿಮಾನದಾಳಿ, ಎಂದು ಹೆಸರಾಯಿತು.

೨೦೦೦ದಲ್ಲಿ ಲೀಚ್ ಅವರು ಟೆಕ್ಸಾಸ್ ಟೆಕ್ ತಂಡಕ್ಕೆ ಮುಖ್ಯ ತರಬೇತುದಾರರಾಗಿ ಲಬಕ್ಕಿಗೆ ಬಂದರು. ಅಲ್ಲಿಂದ ಮುಂದೆ ಆ ಊರಿನ ಕ್ವಾರ್ಟರ್‌ಬ್ಯಾಕುಗಳ ಕಥೆ ಒಂದೇ ಪಲ್ಲವಿಯ ಹಾಡಿನಂತೆ ಸಾಗಿತು. ಮೊದಲನೆಯವನು ಕ್ಲಿಫ್ ಕಿಂಗ್ಸ್‌ಬರಿ. ವೃತ್ತಿಯವರು ಅವನನ್ನು ೨೦೦೩ರಲ್ಲಿ ಆರನೆಯ ಸುತ್ತಿನಲ್ಲಿ ಆರಿಸಿದರು. ತಂಡದಿಂದ ತಂಡಕ್ಕೆ ಅಲೆದ ಅವನಿಗೆ ಆ ದಡದ ನಿಜವಾದ ಪಂದ್ಯಗಳಲ್ಲಿ ದೊರೆತುದು ಎರಡೇ ಎರಡು ಎಸೆತಗಳ ಅವಕಾಶ. ಅವನ ಹಿಂದೆ ಬಂದ ಬಿ. ಜೆ. ಸೈಮನ್ಸ್ ೨೦೦೩ರ ಒಂದೇ ಋತುವಿನಲ್ಲಿ ೫,೮೩೩ ಗಜಗಳಷ್ಟು ಎಸೆದನು. ಮೇಲ್ದರ್ಜೆಯ ಕಾಲೇಜು ಆಟದಲ್ಲಿ ಅಷ್ಟನ್ನು ಅದುವರೆಗೆ ಯಾರೂ ಎಸೆದಿರಲಿಲ್ಲ. ಮರುವರ್ಷ ಏಳನೆಯ, ಎಂದರೆ ಕಟ್ಟಕಡೆಯ ಸುತ್ತಿನಲ್ಲಿ ಅವನ ಹೆಸರು ಬಂತು. ವೃತ್ತಿಯ ಋತುವಿನ ಒಂದು ಪಂದ್ಯದಲ್ಲಿಯೂ ಅವನು ಮೈದಾನಕ್ಕಿಳಿಯಲಿಲ್ಲ. ೨೦೦೯ರಲ್ಲಿ ಅದೇ ಗರಡಿಯಿಂದ ಹೊರಬಂದ ಗ್ರಹಾಂ ಹ್ಯಾರೆಲ್‌ನ ಹೆಸರನ್ನಂತೂ ಯಾವ ತಂಡವೂ ಯಾವ ಸುತ್ತಿನಲ್ಲಿಯೂ ಕೂಗಲೇ ಇಲ್ಲ.

ಇವರ ಬಗ್ಗೆ ವೃತ್ತಿಯವರು ಹೇಳಿದ ಮಾತು ಒಂದೇ: ಎಸೆದದ್ದು ಹುಡುಗನಲ್ಲ, ಕ್ರಮ. ಎಷ್ಟು ಸುಲಭವಾದ ಮಾತು, ಎಷ್ಟು ಕ್ರೂರವಾದ ಮಾತು! ಹುಡುಗನು ಚೆನ್ನಾಗಿ ಎಸೆದಷ್ಟೂ ಕೀರ್ತಿ ಕ್ರಮಕ್ಕೆ. ಕೆಟ್ಟು ಎಸೆದರೆ ಅಪಕೀರ್ತಿ ಹುಡುಗನಿಗೆ. ಇಪ್ಪತ್ತೆರಡು ವರ್ಷದ ತರುಣನು ತನ್ನ ಬಾಲ್ಯವನ್ನು, ಬೇಸಗೆಗಳನ್ನು, ಮೊಣಕಾಲು ಭುಜಗಳನ್ನು ಒತ್ತೆಯಿಟ್ಟು ಸಂಪಾದಿಸಿದ್ದನ್ನು ಒಂದು ಚೀಟಿ ಅಂಟಿಸಿ ಮೂಲೆಗೆ ಸರಿಸಿದಂತಾಯಿತು. ಆ ಚೀಟಿ ಪೂರಾ ಸುಳ್ಳಾಗಿದ್ದರೆ ಹೋರಾಡಬಹುದಿತ್ತು. ಅದರಲ್ಲಿ ಅರ್ಧ ನಿಜವೂ ಇತ್ತು. ಕಾಲೇಜಿನಲ್ಲಿ ಅಂಚಿನಿಂದ ಕೈಸನ್ನೆಯಲ್ಲಿ ಬರುತ್ತಿದ್ದ ಆಜ್ಞೆಯು ವೃತ್ತಿಯಲ್ಲಿ ಶಿರಸ್ತ್ರಾಣದೊಳಗಿನ ರೇಡಿಯೋದಲ್ಲಿ ಒಂದು ಉದ್ದನೆಯ ವಾಕ್ಯವಾಗಿ ಬರುತ್ತದೆ. ಅದನ್ನು ಅವನು ಹತ್ತು ಜನರಿಗೆ ತಪ್ಪಿಲ್ಲದೆ ಒಪ್ಪಿಸಬೇಕು. ಎದುರಾಳಿಗಳ ವೇಷವನ್ನು ಓದಿ ಕೊನೆಯ ಗಳಿಗೆಯಲ್ಲಿ ಬದಲಾಯಿಸಲೂ ಬೇಕು. ಅದನ್ನು ಲಬಕ್ಕಿನ ಗರಡಿಯಲ್ಲಿ ಯಾರೂ ಕಲಿಸಿರಲಿಲ್ಲ. ಆದರೆ ಕಲಿಸದಿದ್ದುದನ್ನು ಕಲಿಯಲಾರದವನೆಂದು ತೀರ್ಪು ಕೊಡುವುದು ಯಾವ ನ್ಯಾಯ?

ಆ ನ್ಯಾಯವನ್ನು ಮೊದಲು ಪ್ರಶ್ನಿಸಿದವರು ಮಾತಿನಿಂದ ಪ್ರಶ್ನಿಸಲಿಲ್ಲ, ತಾಳ್ಮೆಯಿಂದ ಪ್ರಶ್ನಿಸಿದರು. ಕಾನ್ಸಾಸ್ ಸಿಟಿಯ ವೃತ್ತಿ ತಂಡದ ತರಬೇತುದಾರರಾದ ಆಂಡಿ ರೀಡ್ ಅವರು ತಾರುಣ್ಯದಲ್ಲಿ ಅದೇ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದಲ್ಲಿ ಲಾವೆಲ್ ಎಡ್ವರ್ಡ್ಸ್ ಅವರ ಕೈಕೆಳಗೆ ಆಡಿದವರು. ಲೀಚ್ ಅವರು ಕುಡಿದ ಬಾವಿಯ ನೀರನ್ನೇ ಅವರೂ ಕುಡಿದಿದ್ದರು. ೨೦೧೭ರಲ್ಲಿ ಅವರ ತಂಡವು ತನ್ನ ಸರದಿಯನ್ನು ಮುಂದಕ್ಕೆ ತರಿಸಿಕೊಂಡು ಹತ್ತನೆಯವನಾಗಿ ಮಹೋಮ್ಸ್‌ನನ್ನು ಆರಿಸಿತು. ಆರಿಸಿದ ಮೇಲೆ ಮಾಡಿದ ಕೆಲಸವೇ ಮುಖ್ಯ: ಅವನನ್ನು ಆಡಿಸಲಿಲ್ಲ. ಅಲೆಕ್ಸ್ ಸ್ಮಿತ್ ಎಂಬ ಅನುಭವಸ್ಥನ ಹಿಂದೆ ಅವನನ್ನು ಒಂದು ವರ್ಷ ಕೂರಿಸಿ, ಹೊಸ ದಡದ ಭಾಷೆಯನ್ನು ಕಲಿಸಿದರು. ಋತುವಿನ ಕಟ್ಟಕಡೆಯ ಪಂದ್ಯವೊಂದನ್ನು ಮಾತ್ರ ಅವನ ಕೈಗೆ ಕೊಟ್ಟರು. ಅದೇ ಹೊತ್ತಿಗೆ ರೀಡ್ ಅವರು ಲಬಕ್ಕಿನ ಆಟದಿಂದ ತಮಗೆ ಬೇಕಾದುದನ್ನು ಆರಿಸಿ ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡರು. ಶಿಷ್ಯನೂ ಬಾಗಿದನು, ಗುರುವೂ ಬಾಗಿದರು.

೨೦೧೮ರಲ್ಲಿ ಮಹೋಮ್ಸ್ ಐವತ್ತು ಟಚ್‌ಡೌನುಗಳನ್ನು ಎಸೆದು ಆ ವರ್ಷದ ಶ್ರೇಷ್ಠ ಆಟಗಾರನೆನಿಸಿದನು. ೨೦೨೦ರ ಫೆಬ್ರವರಿಯ ಮಹಾಪಂದ್ಯದಲ್ಲಿ, ಕೊನೆಯ ಕಾಲುಭಾಗದಲ್ಲಿ ಹತ್ತು ಅಂಕ ಹಿಂದಿದ್ದ ತಂಡವನ್ನು ೩೧ಕ್ಕೆ ೨೦ರ ಗೆಲುವಿಗೆ ತಂದನು. ೨೦೨೪ರ ಫೆಬ್ರವರಿಯ ಹೊತ್ತಿಗೆ ಅಂತಹ ಮೂರು ಕಿರೀಟಗಳು ಅವನವಾಗಿದ್ದವು.

ಹಾಗಾದರೆ ವಾದ ಮುಗಿಯಿತೆ? ಅವಸರ ಬೇಡ. ಮಹೋಮ್ಸ್‌ಗೆ ಕಾಲೇಜಿನಲ್ಲಿ ವಿದ್ಯೆ ಕಲಿಸಿದವನು ಬೇರಾರೂ ಅಲ್ಲ, ಎರಡು ಎಸೆತಗಳಿಗೆ ವೃತ್ತಿ ಮುಗಿದಿದ್ದ ಆ ಕಿಂಗ್ಸ್‌ಬರಿಯೇ. ಶಿಷ್ಯನ ಕೀರ್ತಿಯ ಬೆಳಕಿನಲ್ಲಿ ೨೦೧೯ರಲ್ಲಿ ಅರಿಜೋನದ ವೃತ್ತಿ ತಂಡವು ಅವನನ್ನು ಮುಖ್ಯ ತರಬೇತುದಾರನನ್ನಾಗಿ ಕರೆಯಿತು. ಅವನು ಮೊದಲು ತನ್ನ ಕ್ರಮವನ್ನು ಹೆಚ್ಚುಕಡಮೆ ಇಡಿಯಾಗಿ ತಂದನು. ಆ ಋತು ಮುಗಿಯುವುದರೊಳಗೇ ಅದನ್ನು ತಿದ್ದಬೇಕಾಯಿತು. ೨೦೨೧ರಲ್ಲಿ ಮೊದಲ ಏಳು ಪಂದ್ಯಗಳನ್ನೂ ಗೆದ್ದ ತಂಡ ೨೦೨೨ರಲ್ಲಿ ಹದಿನೇಳರಲ್ಲಿ ಹದಿಮೂರನ್ನು ಸೋತಿತು. ೨೦೨೩ರ ಜನವರಿಯಲ್ಲಿ ಅವನು ಹುದ್ದೆ ಕಳೆದುಕೊಂಡನು. ಇತ್ತ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಇದೇ ಕ್ರಮದಲ್ಲಿ ಪಳಗಿದ ಜ್ಯಾರೆಡ್ ಗಾಫ್ ೨೦೧೬ರಲ್ಲಿ ಎಲ್ಲರಿಗಿಂತ ಮೊದಲನೆಯವನಾಗಿ ಆರಿಸಲ್ಪಟ್ಟು, ಆ ವರ್ಷ ಆಡಿದ ಏಳು ಪಂದ್ಯಗಳಲ್ಲಿ ಏಳನ್ನೂ ಸೋತನು. ಮರುವರ್ಷ ತರಬೇತುದಾರರು ಬದಲಾದರು. ಹುಡುಗ ಅವನೇ, ತೋಳೂ ಅದೇ. ೨೦೧೯ರ ಫೆಬ್ರವರಿಯ ಹೊತ್ತಿಗೆ ಅವನ ತಂಡವು ಮಹಾಪಂದ್ಯದವರೆಗೆ ಬಂದು ನಿಂತಿತ್ತು. ಅಲ್ಲಿ ಎದುರಾಳಿಗಳ ರಕ್ಷಣೆ ಅವರಿಗೆ ಬಿಟ್ಟುಕೊಟ್ಟದ್ದು ಮೂರು ಅಂಕ ಮಾತ್ರ ಎಂಬುದನ್ನೂ ಮರೆಯುವಂತಿಲ್ಲ.

ಈ ಕಥೆಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ ನೋಡಿದಾಗ, ಕಾಲೇಜಿನ ಕ್ರಮ ಗೆದ್ದೀತೇ ಎಂದು ಕೇಳಿದವರ ಪ್ರಶ್ನೆಯಲ್ಲಿಯೇ ತುಸು ದೋಷವಿತ್ತೆನಿಸುತ್ತದೆ. ಅವರು ದೋಣಿ ಇಡಿಯಾಗಿ ಹೊಳೆ ದಾಟುವುದೇ ಎಂದು ದಡದಲ್ಲಿ ನಿಂತು ಕಾದರು. ದೋಣಿ ಇಡಿಯಾಗಿ ದಾಟಲಿಲ್ಲ. ದಾಟಲು ಹೊರಟಾಗಲೆಲ್ಲ ಸುಳಿಗೆ ಸಿಕ್ಕಿತು. ಆದರೆ ಅದರ ಹಲಗೆಗಳು ಒಂದೊಂದಾಗಿ ತೇಲಿ ಆಚೆ ದಡ ಸೇರಿದವು. ಆಟಗಾರರನ್ನು ಅಗಲಕ್ಕೆ ಹರಡಿ ನಿಲ್ಲಿಸುವುದು, ಕ್ವಾರ್ಟರ್‌ಬ್ಯಾಕ್ ಹಿಂದೆ ನಿಂತು ಚೆಂಡನ್ನು ಪಡೆಯುವುದು, ತಡಮಾಡದೆ ಚಿಕ್ಕ ಎಸೆತಗಳಿಂದ ನೆಲ ಗೆಲ್ಲುವುದು ಇವೆಲ್ಲ ಇಂದು ವೃತ್ತಿಯ ಮೈದಾನದಲ್ಲಿ ನಿತ್ಯದ ನೋಟ. ಒಂದು ಕಾಲಕ್ಕೆ ಬಡ ತಂಡದ ಹುಚ್ಚೆನಿಸಿದ್ದು ಈಗ ಸಿರಿವಂತರ ಮನೆಯ ರೂಢಿ.

ಆಚೆ ದಡವನ್ನು ಕಾಲಿನಿಂದ ಮುಟ್ಟಿದವರಿಗೂ ಮುಟ್ಟದವರಿಗೂ ಇದ್ದ ಅಂತರ ತೋಳಿನ ಬಲವೊಂದೇ ಅಲ್ಲ. ಮಹೋಮ್ಸ್‌ನ ತೋಳು ಅಪೂರ್ವವಾದುದೆಂಬುದು ದಿಟ. ಅವನಿಗೆ ದೊರೆತ ಆ ಒಂದು ವರ್ಷವೂ ಅಪೂರ್ವವೇ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು ಕಲಿಯಲು ಬಿಡುವು, ಗೊತ್ತಿರುವುದನ್ನು ಹೀಗಳೆಯದೆ ಬಳಸಿಕೊಳ್ಳುವ ಹಿರಿಯ, ಇವೆರಡು ಒಟ್ಟಿಗೆ ದೊರೆಯುವುದು ಯಾವ ಉದ್ಯೋಗದಲ್ಲಿಯೂ ಸಾಮಾನ್ಯವಲ್ಲ. ಸೈಮನ್ಸ್‌ಗೆ ಅವು ದೊರೆತಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಅವನ ತೋಳು ಆ ದಡಕ್ಕೆ ಸಾಲದೆಯೇ ಹೋಗಬಹುದಿತ್ತು. ಆದರೆ ಹಾಗೆಂದು ಪರೀಕ್ಷಿಸಿ ತಿಳಿಯುವುದು ಬೇರೆ, ಗರಡಿಯ ಹೆಸರು ಕೇಳಿಯೇ ತೀರ್ಮಾನಿಸುವುದು ಬೇರೆ.

ಮೈಕ್ ಲೀಚ್ ಅವರು ೨೦೨೨ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರು ಕಾಲೇಜಿನ ತರಬೇತುದಾರರಾಗಿಯೇ ಉಳಿದರು. ವೃತ್ತಿ ತಂಡವೊಂದರ ಮುಖ್ಯ ಪೀಠ ಅವರಿಗೆ ದೊರೆಯಲೇ ಇಲ್ಲ. ೨೦೦೩ರಲ್ಲಿ ಸೈಮನ್ಸ್ ಬರೆದ ೫,೮೩೩ ಗಜಗಳ ದಾಖಲೆಯು ೨೦೨೧ರವರೆಗೆ, ಹದಿನೆಂಟು ವರ್ಷಗಳ ಕಾಲ, ಅಳಿಯದೆ ನಿಂತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಲೋಕವು ಕೇಳುತ್ತದೆ. ಭಾನುವಾರದ ಮಧ್ಯಾಹ್ನಗಳಲ್ಲಿ ಅಮೆರಿಕದ ಲಕ್ಷಾಂತರ ಮನೆಗಳಲ್ಲಿ ಮಂದಿ ವೃತ್ತಿಯ ಆಟ ನೋಡಲು ಕೂರುತ್ತಾರೆ. ಚೆಂಡು ಅರ್ಧಚಂದ್ರಾಕಾರವಾಗಿ ಏರಿ, ಓಡುವವನ ಚಾಚಿದ ಕೈಗಳಲ್ಲಿ ಇಳಿದಾಗ ಅವರೆಲ್ಲ ಎದ್ದು ನಿಂತು ಕೂಗುತ್ತಾರೆ. ಆ ಚೆಂಡನ್ನು ಇಲ್ಲಿಯವರೆಗೆ ದಾಟಿಸಿ ತಾವು ಈಚೆಯ ದಡದಲ್ಲಿಯೇ ಉಳಿದುಕೊಂಡವರ ಹೆಸರು ಆ ಕೂಗಿನಲ್ಲಿ ಕೇಳಿಸುವುದಿಲ್ಲ.